ಮೆತ್ತಗೆ ಹೇಳಿದ ಮಾತು

ಫಾನ್ ಬೈಯುತ್ತಲೇ ಇದ್ದ. ಬೆಳಗಿನ ಹಾಜರಿಯ ಹೊತ್ತಿನಲ್ಲಿ, ಸಾಲಾಗಿ ನಿಂತವರ ಎದುರೇ, ಐವತ್ತು ದಾಟಿದ ಮೇಸ್ತ್ರಿ ವಾಗಿಮಾನ್‌ನ ಮುಖಕ್ಕೆ ಬೆರಳು ತೋರಿಸಿ. ಚೀನಾದ ಕಂಪನಿ ಫಾನ್‌ನನ್ನು ಸೆಮರಾಂಗ್‌ನ ಈ ಮೊಬೈಲ್ ಕಾರ್ಖಾನೆಗೆ ಮ್ಯಾನೇಜರ್ ಮಾಡಿ ಕಳಿಸಿತ್ತು. ಹಿರಿಯನನ್ನು ನಾಲ್ಕು ಜನರೆದುರು ಬೈದರೆ ಜಾವಾದಲ್ಲಿ ಕಪಾಳಕ್ಕೆ ಹೊಡೆದ ಹಾಗೆ ಎಂಬುದನ್ನು ಮಾತ್ರ ಯಾರೂ ಹೇಳಿ ಕಳಿಸಿರಲಿಲ್ಲ.

ವಾಗಿಮಾನ್ ಮಾಡಿದ್ದಿಷ್ಟೇ. ಕೇರಿಯಲ್ಲಿ ಸಾವಾಗಿತ್ತು, ತನ್ನ ಕೈಕೆಳಗಿನ ಅರ್ಧ ಜನರನ್ನು ಕರೆದುಕೊಂಡು ಮಣ್ಣಿಗೆ ಹೋಗಿದ್ದ. ಹಿಂದಿನ ತಿಂಗಳೂ ಹೀಗೇ ಆಗಿತ್ತು. ನೆರೆಯವರ ಮಣ್ಣಿಗೆ ಹೋಗದವನನ್ನು ಯಾರು ಮನುಷ್ಯ ಅಂತಾರೆ? ಆದರೆ ಇಲ್ಲಿ ಕೆಲಸ ನಿಂತಿತ್ತು.

"ಇನ್ನೊಂದ್ಸಲ ಹೋದ್ರೆ ಈ ಮುದುಕ ವಾಪಸ್ ಬರೋದೇ ಬೇಡ. ಹಾಗಂತ ಹೇಳು," ಎಂದ ಫಾನ್, ದುಭಾಷಿ ಮೆಯ್ಲಾನಿಗೆ.

ಮೆಯ್ಲಾನಿ ಇದೇ ಊರಲ್ಲಿ ಹುಟ್ಟಿ ಬೆಳೆದವಳು. ಅಪ್ಪನ ವಯಸ್ಸಿನವನಿಗೆ ಅಂಥ ಮಾತಾಡಲು ಅವಳಿಗೆ ನಾಲಿಗೆ ಏಳಲಿಲ್ಲ. "ಮಣ್ಣಿಗೆ ಹೋಗೋದು ಸರಿ ಯಜಮಾನ್ರೇ, ಮುಂಚೆನೇ ಒಂದ್ಮಾತು ತಿಳಿಸಿ ಹೋಗ್ಬೇಕಂತೆ," ಎಂದಳು. ಫಾನ್‌ನ ಮುಖ ಕೆಂಪಾಗಿದ್ದು ಎಲ್ಲರಿಗೂ ಕಂಡಿತ್ತು. ಆದರೆ ಅವನದು ನಿತ್ಯದ ಕೂಗಾಟ. ದಿನಾ ಸಾಯುವವರಿಗೆ ಅಳುವವರು ಯಾರು?

ಸ್ವಲ್ಪ ದಿನಕ್ಕೆ ವಾಗಿಮಾನ್‌ನ ಪಕ್ಕದ ಮನೆಯ ಅಜ್ಜಿ ತೀರಿಕೊಂಡಳು. ಅವನು ಮೆಯ್ಲಾನಿಯ ಮೇಜಿನ ಬಳಿ ಬಂದು, ಸಾಹೇಬರು ಹೇಳಿದ ಹಾಗೆ ಈ ಸಲ ಮೊದಲೇ ತಿಳಿಸಿ ಹೋಗುತ್ತಿದ್ದೇನೆ ಎಂದ. ಮುಖದಲ್ಲಿ ಸಮಾಧಾನವಿತ್ತು. ಮೆಯ್ಲಾನಿ ಅವನನ್ನು ತಡೆಯಬೇಕಾದರೆ ತಾನು ಅಂದು ಹೇಳಿದ್ದು ಸುಳ್ಳು ಎನ್ನಬೇಕು. ಅದು ಫಾನ್‌ಗೆ ಮುಟ್ಟಿದರೆ ತನ್ನ ಕೆಲಸವೂ ಹೋಯಿತು. ಥೂ, ಎಂಥ ಇಕ್ಕಟ್ಟು! ತಾನೇ ಹೇಗಾದರೂ ಸಾಹೇಬನನ್ನು ಒಪ್ಪಿಸಿದರಾಯಿತು ಎಂದುಕೊಂಡು, ಹೋಗಿ ಬನ್ನಿ ಎಂದಳು. ಸಂಜೆಯಾದರೂ ಫಾನ್‌ಗೆ ಹೇಳಲು ಅವಳಿಗೆ ಧೈರ್ಯ ಬರಲಿಲ್ಲ.

ಮರುದಿನ ಹಾಜರಿಯ ಹೊತ್ತಿನಲ್ಲಿ ಫಾನ್ ಅವಳತ್ತ ನೋಡಲೇ ಇಲ್ಲ. ಕಂಪನಿಯದೇ ಹೊಸ ಫೋನಿಗೆ ಚೀನೀ ಭಾಷೆಯಲ್ಲಿ ಏನೋ ಹೇಳಿ, ಅದನ್ನು ವಾಗಿಮಾನ್‌ನ ಮುಂದೆ ಹಿಡಿದ. ಫೋನು ಆ ಊರಿನ ಭಾಷೆಯಲ್ಲಿ ಸ್ಪಷ್ಟವಾಗಿ ನುಡಿಯಿತು: "ಇನ್ನೊಮ್ಮೆ ಹೋದರೆ ಕೆಲಸವಿಲ್ಲವೆಂದು ಅಂದೇ ಎಚ್ಚರಿಸಿದ್ದೆನು. ನಿನ್ನನ್ನು ಕೆಲಸದಿಂದ ತೆಗೆಯಲಾಗಿದೆ."

ವಾಗಿಮಾನ್ ಫೋನನ್ನು ನೋಡಿದ, ಆಮೇಲೆ ಮೆಯ್ಲಾನಿಯನ್ನು. ಅವನಿಗೆ ಅರ್ಥವಾಯಿತು. ಈ ವಯಸ್ಸಿನವನನ್ನು ಇನ್ನು ಯಾವ ಕಾರ್ಖಾನೆಯೂ ಸೇರಿಸಿಕೊಳ್ಳುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎಲ್ಲರೆದುರು ಬೈಸಿಕೊಳ್ಳಲು ಅವಳು ಕಾದು ನಿಂತಳು.

"ಸಾಹೇಬ್ರಿಗೆ ಹೇಳಮ್ಮ," ಎಂದ ವಾಗಿಮಾನ್, ಮೆಲ್ಲಗೆ. "ಅವ್ರು ಅವತ್ತೇ ಹೇಳಿದ್ರು. ನೀನೂ ಸರಿಯಾಗೇ ತಿಳಿಸಿದ್ದೆ. ಮರ್ತಿದ್ದು ನಾನೇ."

ಮೆಯ್ಲಾನಿ ಅದನ್ನು ಒಂದಕ್ಷರವೂ ಬಿಡದೆ ಚೀನೀ ಭಾಷೆಯಲ್ಲಿ ಹೇಳಿದಳು. ಫಾನ್ ತಲೆಯಾಡಿಸಿದ. ವಾಗಿಮಾನ್ ಕೊರಳಿನ ಗುರುತಿನ ಚೀಟಿ ತೆಗೆದು, ದಾರವನ್ನು ಅದಕ್ಕೇ ಸುತ್ತಿ, ಎರಡೂ ಕೈ ಚಾಚಿ ಅವಳಿಗೆ ಕೊಟ್ಟ.