ದಾರದ ಇನ್ನೊಂದು ತುದಿ

ತಮ್ಮದೇ ಮನೆಯ ಸ್ನಾನದ ಮೂಲೆಯ ಗೋಡೆಗೆ ಟೈಲ್ಸ್ ಹಾಕುವ ದಿನ ಅಪ್ಪ ನೀಲಿ ಪುಡಿ ಮೆತ್ತಿದ ದಾರದ ಇನ್ನೊಂದು ತುದಿಯನ್ನು ಅತ್ತಿಗೆಯ ಕೈಗೆ ಕೊಟ್ಟ. ಅಪ್ಪನ ಚಿಕ್ಕ ಮಗಳು ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು.

ಕಂಡವರ ಮನೆಗೆಲ್ಲ ಟೈಲ್ಸ್ ಹಾಕಿ ಬದುಕಿದವನು ಅಪ್ಪ. ಸ್ಕೂಲು ಬಿಟ್ಟಾಗಿನಿಂದ ಆ ತುದಿ ಅವಳದೇ. ಅವಳು ಬಿಗಿಹಿಡಿದರೆ ಅಪ್ಪ ದಾರ ಮೀಟುತ್ತಿದ್ದ, ಗೋಡೆಯ ನಡುವೆ ಮೇಲಿಂದ ಕೆಳಕ್ಕೆ ನೀಲಿ ಗೆರೆ ಮೂಡುತ್ತಿತ್ತು. ಆ ಕೆಲಸಕ್ಕೆ ಮಾತು ಬೇಕಿರಲಿಲ್ಲ.

ಈಗ ಅತ್ತಿಗೆ ಮಾತಾಡುತ್ತಲೇ ದಾರ ಹಿಡಿದಿದ್ದಳು. "ಮಾವ, ಗೆರೆಯ ಆ ಕಡೆ ಒಂದು, ಈ ಕಡೆ ಒಂದು ಟೈಲ್ ಇಟ್ಟು ಶುರು ಮಾಡೋಣ. ಎರಡೂ ಕಡೆ ಸಮ ಬರುತ್ತೆ."

"ನೋಡೇ ಚಿಕ್ಕಿ, ಬಂದು ವರ್ಷ ಆಗಿಲ್ಲ, ಆಗ್ಲೇ ಮೇಸ್ತ್ರಿ!" ಅಪ್ಪ ನಕ್ಕ. "ನೀನು ಬಾಯಿ ತೆಗೆಯೋಷ್ಟರಲ್ಲಿ ಇವಳು ಮನೇನೇ ಕಟ್ಟಿರ್ತಾಳೆ."

ಬೇರೆಯವರ ಮನೆಯಾಗಿದ್ದರೆ ಮೊದಲು ಟೈಲ್ಸನ್ನು ನೆಲದ ಮೇಲೆ ಸುಮ್ಮನೆ ಜೋಡಿಸಿ ನೋಡುತ್ತಿದ್ದರು. ಒಮ್ಮೆ ಗೆರೆಯ ಮೇಲೆ ಸಂದು ಬರುವಂತೆ, ಒಮ್ಮೆ ಟೈಲಿನ ನಡು ಬರುವಂತೆ. ಅದು ಚಿಕ್ಕವಳ ಕೆಲಸ. ಸ್ವಂತ ಮನೆ ಎಂಬ ಸಲಿಗೆಯಲ್ಲಿ ಅಪ್ಪ ನೇರ ಅಂಟು ಕಲಸಲು ಕೂತ.

ಅವಳು ಗೋಡೆಯನ್ನು ಕಣ್ಣಲ್ಲೇ ಅಳೆದಳು. ಅತ್ತಿಗೆ ಹೇಳಿದಂತೆ ಹಾಕಿದರೆ ಎರಡೂ ಅಂಚಿನಲ್ಲಿ ಬೆರಳಗಲದ ಪಟ್ಟಿ ಉಳಿಯುತ್ತದೆ. ಅರ್ಧ ಟೈಲ್ ಸರಿಸಿದರೆ ಅಗಲವಾದ ತುಂಡು ಬರುತ್ತದೆ. ತುಟಿಗೆ ಬಂದದ್ದನ್ನು ನುಂಗಿಕೊಂಡಳು. ಇರಲಿ. ಸ್ನಾನಕ್ಕೆ ನಿಂತವರೆಲ್ಲ ದಿನಾ ಆ ಪಟ್ಟಿ ನೋಡಲಿ. ಇದು ಯಾರ ಜಾಣತನ ಎಂದು ಕೇಳಲಿ.

ಕೆಳಗಿನ ಸಾಲು ಅಂಚಿಗೆ ಬಂತು. ಅಪ್ಪ ಪಟ್ಟಿ ಕತ್ತರಿಸಿದ, ಪಟ್ಟನೆ ಮುರಿಯಿತು. ಇನ್ನೊಂದು, ಅದೂ ಮುರಿಯಿತು. ಮತ್ತೊಂದು ಅವನ ಬೆರಳನ್ನೇ ಕೊಯ್ದಿತು. ಅಪ್ಪ ಕಟ್ಟರ್ ಕೆಳಗಿಟ್ಟು ತನ್ನ ಕೈಯನ್ನೇ ನೋಡುತ್ತ ಕೂತ.

"ಈ ಕೈ ಮುಗೀತು ಬಿಡು. ಹೊರಗಿನವರನ್ನೇ ಕರೀಬೇಕಿತ್ತು."

ಅತ್ತಿಗೆಗೆಂದು ಬೀಸಿದ ಕಲ್ಲು ಅಪ್ಪನಿಗೆ ಬಿದ್ದಿತ್ತು.

"ಕೈ ಸರಿಯಾಗೇ ಇದೆ ಅಪ್ಪ," ಚಿಕ್ಕವಳು ಮೆಲುದನಿಯಲ್ಲಿ ಹೇಳಿದಳು. "ಗೆರೆ ಮೇಲೆ ಟೈಲಿನ ನಡು ಬರ್ಬೇಕು. ಆಗ ಅಂಚಿಗೆ ದೊಡ್ಡ ತುಂಡು ಸಿಗುತ್ತೆ."

ಅಪ್ಪ ಹಣೆ ಚಚ್ಚಿಕೊಂಡ. "ಜೋಡಿಸಿ ನೋಡ್ಲೇ ಇಲ್ವಲ್ಲ!"

ಅತ್ತಿಗೆ ಅವಳತ್ತ ತಿರುಗಿದಳು. "ನಿಂಗೆ ಮೊದಲೇ ಗೊತ್ತಿತ್ತು, ಅಲ್ವಾ? ಬಾಯಿಗೇನು ಅಂಟು ಹಾಕ್ಕೊಂಡಿದ್ಯಾ?"

ಹಸಿ ಅಂಟು ಬಿಗಿಯುವ ಮೊದಲೇ ಚಿಕ್ಕವಳು ಟೈಲ್ಸ್ ಕಿತ್ತು ತೊಳೆಯತೊಡಗಿದಳು. ಗೋಡೆ ಒರೆಸುವಾಗ ಗೆರೆಯೂ ಅಳಿಸಿಹೋಯಿತು.

ಅಪ್ಪ ಬೆರಳಿಗೆ ಬಟ್ಟೆ ಸುತ್ತಿಕೊಂಡ. "ನೀವಿಬ್ರೂ ಒಂದೊಂದು ತುದಿ ಹಿಡೀರಿ. ನಾನು ಮೀಟ್ತೀನಿ."

ಅತ್ತಿಗೆ ಸ್ಟೂಲಿನ ಮೇಲೆ, ಅವಳು ನೆಲದಲ್ಲಿ.

"ಅಷ್ಟು ಎಳೀಬೇಡ ಕಣೇ, ನಾನು ಬೀಳ್ತೀನಿ!"

ಚಿಕ್ಕವಳು ದಾರವನ್ನು ಬೆರಳಿಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. ಅಪ್ಪ ಮೀಟಿದ. ಗೆರೆ ಮಾತ್ರ ನೇರವಾಗಿ ಬಿತ್ತು.