ಮೈಕಿನ ಮುಂದೆ ರೇಡಿಯೊ ಟೀಚರ್

ಭಾಷೆ ಕಲಿಸುವ ಟೀಚರಿಗೆ ಮಕ್ಕಳು ಇಟ್ಟ ಅಡ್ಡಹೆಸರು ರೇಡಿಯೊ. ಒಮ್ಮೆ ಶುರುವಾದರೆ ಗಂಟೆ ಹೊಡೆಯುವ ತನಕ ನಿಲ್ಲುವ ಮಾತೇ ಇಲ್ಲ. ಹೆಸರು ಅವರ ಕಿವಿಗೂ ಬಿದ್ದಿತ್ತು. ಒಳಗೊಳಗೇ ಹೆಮ್ಮೆಪಟ್ಟಿದ್ದರು, ಪಾಪ.

ತರಗತಿಯ ಮಾತುಕತೆಯನ್ನು ಟೀಚರುಗಳ ಜೊತೆಗೇ ಕೂತು ಅಧ್ಯಯನ ಮಾಡುತ್ತೇನೆಂದು ಒಬ್ಬ ಸಂಶೋಧಕಿ ಬಂದಾಗ ಮೊದಲು ಮುಂದೆ ಬಿದ್ದವರು ಇವರೇ.

"ನನ್ನ ಕ್ಲಾಸಲ್ಲೇ ಮೈಕ್ ಇಡಿ. ಮಕ್ಕಳು ಅರಳು ಹುರಿದ ಹಾಗೆ ಮಾತಾಡ್ತಾರೆ. ಒಬ್ಬಳನ್ನ ಬಿಟ್ಟು."

ಆ ಒಬ್ಬಳು ಬೇರೆ ಭಾಷೆಯ ಮನೆಯಿಂದ ಹೊಸದಾಗಿ ಬಂದ ಹುಡುಗಿ. ತುಟಿ ಪಿಟಕ್ಕೆಂದವಳಲ್ಲ. ಅವಳನ್ನು ಕೆಳಗಿನ ತರಗತಿಗೆ ಇಳಿಸಿ ಎಂದು ಟೀಚರ್ ಆಗಲೇ ಹೆಡ್‌ಮಾಸ್ಟರಿಗೆ ಹೇಳಿಯಾಗಿತ್ತು.

ಶುಕ್ರವಾರ ಸ್ಟಾಫ್ ರೂಮಿನಲ್ಲಿ ಎಲ್ಲರೂ ರೆಕಾರ್ಡಿಂಗ್ ಕೇಳಲು ಕೂತರು. ಬೇಕಾದವರು ಕೈಯೆತ್ತಿ ನಿಲ್ಲಿಸಬಹುದು, ಅದು ಪದ್ಧತಿ. ಪ್ರಶ್ನೆ ಕೇಳಿದ್ದು ಟೀಚರ್. ಉತ್ತರ ಹೇಳಿದ್ದೂ ಟೀಚರ್. "ಭೇಷ್!" ಅಂದಿದ್ದೂ ಅವರೇ.

"ಅವತ್ತು ಮಕ್ಕಳಿಗೆ ರಜಾನಾ ಮೇಡಂ?" ಎಂದರು ಗಣಿತದ ಮೇಷ್ಟ್ರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಟೀಚರ್ ಮುಖ ಸುಟ್ಟ ಬದನೆಕಾಯಿಯಾಯಿತು.

ಅಷ್ಟರಲ್ಲಿ ರೆಕಾರ್ಡಿಂಗ್‌ನಲ್ಲಿ ಬಾಗಿಲ ಸದ್ದು. ಚಾಕ್‌ಪೀಸ್ ತರಲು ಅವರು ಆಚೆ ಹೋಗಿದ್ದರು, ಮೈಕು ಮೇಜಿನ ಮೇಲೇ ಉಳಿದಿತ್ತು. ಗದ್ದಲದ ನಡುವೆ ಒಂದು ಹೊಸ ದನಿ ಎದ್ದಿತು. "ಯಾರು ಹೇಳ್ತೀರಾ? ಬೇಡ ಬೇಡ, ನಾನೇ ಹೇಳ್ತೀನಿ! ಭೇಷ್!" ತರಗತಿ ಗೊಳ್ಳೆಂದಿತು. "ಏ ಹೊಸಬಳೇ, ಇನ್ನೊಂದ್ಸಲ ರೇಡಿಯೊ ಮಾಡೇ!"

ಟೀಚರ್ ಕೈಯೆತ್ತಿದರು. ರೆಕಾರ್ಡಿಂಗ್ ನಿಂತಿತು.

"ಅವಳಿಗೆ ಮಾತು ಬರುತ್ತೆ. ನಾನೇ ಬಿಟ್ಟಿಲ್ಲ," ಎಂದರು. ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ, ತಮ್ಮ ಮಾತು ಕೇಳಿ ಅವಳನ್ನು ಇಳಿಸಿಯೇಬಿಡುತ್ತಾರೇನೋ ಎಂದು ಹೆದರಿಕೆಯಾಗಿತ್ತು.

"ಅಣಕಿಸೋದು ಬೇರೆ, ಭಾಷೆ ಬರೋದು ಬೇರೆ," ಎಂದರು ಹೆಡ್‌ಮಾಸ್ಟರ್. "ಸೋಮವಾರ ನಾನೇ ಬಂದು ಕೂರ್ತೀನಿ. ಮಾತಾಡಿದ್ರೆ ಇರ್ಲಿ, ಇಲ್ಲಾಂದ್ರೆ ಕೆಳಗೆ."

ಸೋಮವಾರ ಟೀಚರ್ ಒಂದು ಪ್ರಶ್ನೆ ಕೇಳಿದರು. ಉತ್ತರ ನಾಲಿಗೆಯ ತುದಿಗೇ ಬಂದಿತ್ತು, ನುಂಗಿಕೊಂಡರು. ಅಯ್ಯೋ, ಆ ಸಂಕಟ ಶತ್ರುವಿಗೂ ಬೇಡ! ಮಕ್ಕಳು ಮುಖ ಮುಖ ನೋಡಿಕೊಂಡರು. ಟೀಚರ್ ತುಟಿ ಕಚ್ಚಿಕೊಂಡು, ಬೆವರುತ್ತ ನಿಂತೇ ಇದ್ದರು. ಹಿಂದಿನ ಬೆಂಚಿನಲ್ಲಿ ಹೆಡ್‌ಮಾಸ್ಟರ್ ಆಕಳಿಸಿದರು.

ಹೊಸ ಹುಡುಗಿ ಮೆಲ್ಲಗೆ ಎದ್ದು ನಿಂತಳು.

"ಟೀಚರ್, ನಿಮಗೆ ಹುಷಾರಿಲ್ವಾ? ನೀರು ತರ್ಲಾ?"

ಹೆಡ್‌ಮಾಸ್ಟರ ಆಕಳಿಕೆ ಅರ್ಧಕ್ಕೇ ನಿಂತಿತು.

"ತಗೊಂಡು ಬಾಮ್ಮ," ಎಂದರು ಟೀಚರ್. ಅವತ್ತು ಗಂಟೆ ಹೊಡೆಯುವ ತನಕ ಅವರು ಆಡಿದ ಕೊನೆಯ ಮಾತು ಅದೇ.