ಏಪ್ರಿಲ್‌ನ ವರ್ಷ, ಜುಲೈನ ವರ್ಷ

ಭಾಗ್ಯ ಮುದ್ದೆ ತೊಳಸುತ್ತಿದ್ದಳು. ಗಂಟು ಒಡೆಯಲು ಕೋಲನ್ನು ಪಾತ್ರೆಯ ಅಂಚಿಗೆ ಒತ್ತಿದಾಗ, ನಿನ್ನೆಯಿಂದ ತಲೆ ಕೊರೆಯುತ್ತಿದ್ದ ಪಟ್ಟಿ ಮತ್ತೆ ಕಣ್ಣಿಗೆ ಕಟ್ಟಿತು. ರಷ್ಯಾ, ಅಮೆರಿಕ, ಆಸ್ಟ್ರೇಲಿಯಾ, ಉಕ್ರೇನ್, ಭಾರತ. ಯಾವ ದೇಶ ಯಾವ ವರ್ಷ ಎಷ್ಟು ಗೋಧಿ ಹೊರಗೆ ಕಳಿಸಿತು ಎಂಬ ಇಪ್ಪತ್ತು ವರ್ಷಗಳ ಹೋಲಿಕೆ. ಹಂಗಳದಿಂದ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಓಡಾಡಿ ಅತಿಥಿ ಉಪನ್ಯಾಸಕಿಯ ಕೆಲಸ ಮಾಡುತ್ತಲೇ ಏಳು ವರ್ಷ ಬರೆದ ಪಿಎಚ್.ಡಿ. ಪ್ರಬಂಧ. ಒಪ್ಪಿಸಲು ಸೋಮವಾರವೇ ಕೊನೆಯ ದಿನ. ಗಡುವನ್ನು ಎರಡು ಸಲ ಮುಂದೆ ಹಾಕಿಸಿಕೊಂಡಾಗಿತ್ತು, ಇನ್ನು ಕಾಲಾವಕಾಶ ಕೊಡುವುದಿಲ್ಲ. ಪದವಿಯಿಲ್ಲದಿದ್ದರೆ ಮುಂದಿನ ವರ್ಷ ಕೆಲಸವೂ ಇಲ್ಲವೆಂದು ಪ್ರಿನ್ಸಿಪಾಲರು ಹೇಳಿದ್ದರು.

"ಏಳ್ ವರ್ಸದಿಂದ ಗೋದಿ ಗೋದಿ ಅಂತೀಯೆ, ಒಂದಿನಾನೂ ನಿನ್ ಚಪಾತಿ ಮೆತ್ತುಗ್ ಬರ್ನಿಲ್ಲ ಕಣಮ್ಮಿ," ಎಂದರು ಅತ್ತೆ ಚಿಕ್ಕಬಸಮ್ಮ, ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ. ಹಾಗೆ ಹಂಗಿಸುತ್ತಲೇ, ಸೊಸೆ ಡಾಕ್ಟರಾಗುತ್ತಾಳೆಂದು ಬೀದಿಗೆಲ್ಲ ಸಾರಿದವರೂ ಅವರೇ.

ತಪ್ಪು ಸಿಕ್ಕಿದ್ದು ನಿನ್ನೆ. ಭಾರತದ ಅಂಕಿಗಳನ್ನು ತೆಗೆದ ವರದಿಯಲ್ಲಿ ವರ್ಷ ಶುರುವಾಗುವುದು ಏಪ್ರಿಲ್‌ಗೆ; ಮಿಕ್ಕ ದೇಶಗಳ ಪಟ್ಟಿಯಲ್ಲಿ ಜುಲೈಗೆ. ಅವಳು ಎರಡನ್ನೂ ಒಂದೇ ವರ್ಷವೆಂದು ಅಕ್ಕಪಕ್ಕ ಕೂರಿಸಿದ್ದಳು. ರಷ್ಯಾದೊಂದಿಗಿನ ಯುದ್ಧದಲ್ಲಿ, ಗ್ರಾಫಿನ ಮೇಲೆ ಉಕ್ರೇನಿನ ಗೆರೆ ಕುಸಿದಾಗ ಭಾರತದ ಗೆರೆ ಏರಿ ಆ ಜಾಗ ತುಂಬಿತು ಎಂಬುದರ ಮೇಲೆಯೇ ಇಡೀ ಪ್ರಬಂಧ ನಿಂತಿತ್ತು. ತಿಂಗಳು ತಿಂಗಳು ಬಿಡಿಸಿ ನೋಡಿದರೆ, ಭಾರತದ ಗೆರೆ ಯುದ್ಧಕ್ಕೆ ಮುಂಚೆಯೇ ಏರಿತ್ತು. ಯುದ್ಧ ಶುರುವಾಗಿ ಮೂರು ತಿಂಗಳು ತುಂಬುವುದರೊಳಗೆ ರಫ್ತಿಗೇ ತಡೆ ಬಿದ್ದಿತ್ತು. ಯಾರೂ ಯಾರ ಜಾಗವನ್ನೂ ತುಂಬಿರಲಿಲ್ಲ.

ಚಾಮರಾಜನಗರದ ಗೈಡಿಗೆ ಫೋನು ಮಾಡಿ ಹೇಳಿದ್ದಳು. ಎಲ್ಲ ಕೋಷ್ಟಕಗಳನ್ನೂ ಮತ್ತೆ ಮಾಡಬೇಕು, ಆರು ತಿಂಗಳಾದರೂ ಬೇಕು ಎಂದಳು. ಅವರು ಗಾಬರಿಯಾಗಲಿಲ್ಲ.

"ಯಾರಮ್ಮ ಓದ್ತಾರೆ ಅದನ್ನ? ಹಾಗೇ ಬೈಂಡ್ ಮಾಡ್ಸಿ ತಂದ್ಬಿಡಿ."

ಅವರೂ ಆ ಪುಟಗಳನ್ನು ಓದಿರಲಿಲ್ಲವೆಂದು ಭಾಗ್ಯಳಿಗೆ ಆಗ ತಿಳಿಯಿತು. ಸಂಜೆ ಹೋಗಿ ಬೈಂಡು ಮಾಡಿಸಿಯೂ ತಂದಳು.

ಗಂಡ ಮಾದೇಶ್ ಸ್ನಾನ ಮುಗಿಸಿ ಊಟಕ್ಕೆ ಕೂತ. ಗುಂಡ್ಲುಪೇಟೆ ಕಡೆಯ ಮದ್ದೂರಿನ ಫಾರೆಸ್ಟ್ ಚೆಕ್‌ಪೋಸ್ಟಿನಲ್ಲಿ ಸೋಮವಾರದ ಡ್ಯೂಟಿಯನ್ನು ಬೇರೆಯವರಿಗೆ ವಹಿಸಿ ಬಂದಿದ್ದ. ಬೈಕಿನಲ್ಲಿ ಹೋಗನ, ಹೊಸ ಸೀರೆ ಉಟ್ಕೊ ಎಂದ. ಮದುವೆಯಾದಾಗಿನಿಂದ ಅವನು ಅವಳಿಗಾಗಿ ರಜೆ ಹಾಕಿದ್ದು ಇದು ಎರಡನೇ ಸಲ.

"ಎಲ್ಲಾ ಸರಿಯಾಗದೆ ತಾನೆ?" ಎಂದು ಕೇಳಿದ.

"ಹ್ಞೂಂ," ಎಂದಳು.

ಅವನ ತಟ್ಟೆಗೆ ಸಾರು ಬಿಡುವಷ್ಟರಲ್ಲಿ ಮನಸ್ಸಿನೊಳಗೆ ಎಲ್ಲವೂ ತೀರ್ಮಾನವಾಗಿತ್ತು. ಸೋಮವಾರ ಹೊಸ ಸೀರೆ ಉಟ್ಟು ಹೋಗುವುದು. ಗಂಡನನ್ನು ವಿಶ್ವವಿದ್ಯಾಲಯದ ಗೇಟಿನ ಹತ್ತಿರ ನಿಲ್ಲಿಸಿ ಒಬ್ಬಳೇ ಒಳಗೆ ಹೋಗುವುದು. ಕಾರಿಡಾರಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂತು, ಪ್ರಬಂಧವನ್ನು ಬ್ಯಾಗಿನಿಂದ ಹೊರಗೆ ತೆಗೆಯದೆ ಎದ್ದು ಬರುವುದು.

"ಇನ್ನೊಂದ್ ಸ್ವಲ್ಪ ಬುಡು," ಎಂದ ಮಾದೇಶ್. ಬಿಟ್ಟಳು.